ಬೆನ್ನ ಹಿಂದಿನ ಕಿರುಬೆರಳು

ಆ ಹುಡುಗಿ ಮೊದಲ ದಿನ ನನ್ನ ಕೋರ್ಟಿಗೆ ಬಂದಾಗ ಅವಳ ಕೈಯಲ್ಲಿ ರ‍್ಯಾಕೆಟ್ ಇರಲಿಲ್ಲ, ಅರ್ಧ ತಿಂದ ಬನ್ ಇತ್ತು. ಏಳು ವರ್ಷದ ಪೋರಿ. ಎರಡು ಜಡೆ, ಅದರಲ್ಲೊಂದು ಆಗಲೇ ಬಿಚ್ಚಿಹೋಗಿತ್ತು. ಅವಳ ಅಮ್ಮ ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. "ಮನೇಲಿ ಕೂತ್ರೆ ಟೀವಿ ಬಿಟ್ಟು ಏಳಲ್ಲ ಮೇಡಂ, ಸ್ವಲ್ಪ ಓಡಾಡ್ಸಿ, ಅಷ್ಟೇ ಸಾಕು" ಎಂದು ಹೇಳಿ ಗೇಟಿನ ಹತ್ತಿರ ನಿಂತರು. ನಾನು ಸುಮ್ಮನೆ ಒಂದು ಚೆಂಡು ಎಸೆದೆ. ಹುಡುಗಿ ಬನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈ ಖಾಲಿ ಮಾಡಿಕೊಂಡು ಚೆಂಡು ಹಿಡಿದಳು. ಇನ್ನೊಂದು ಎಸೆದೆ, ಅದನ್ನೂ ಹಿಡಿದಳು. ಬೇಕೆಂದೇ ದೂರಕ್ಕೆ ಎಸೆದೆ, ಓಡಿಹೋಗಿ ಹಿಡಿದಳು. ಬನ್ ಬೀಳಲಿಲ್ಲ. ಇವಳನ್ನು ನಾನು ಬಿಡುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ. ಅವಳು ನನ್ನನ್ನು ಬಿಡಬಹುದು ಅನ್ನುವುದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ನನ್ನ ಆಟದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ನಾವು ವಿಜಯನಗರದವರು. ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಕ್ಲಬ್ಬಿನಲ್ಲಿ ಒಂದೇ ಒಂದು ಮಣ್ಣಿನ ಟೆನಿಸ್ ಕೋರ್ಟ್ ಇತ್ತು. ಸಂಜೆ ಆಫೀಸರುಗಳು ಬರುವ ತನಕ ಅದು ಖಾಲಿ. ಆ ಖಾಲಿ ಹೊತ್ತಿನಲ್ಲಿ ಅಪ್ಪ ನನ್ನನ್ನು ಒಳಗೆ ಬಿಡಿಸಿದರು. ನಾನು ಅಲ್ಲೇ ಬೆಳೆದೆ. ಪಿಯುಸಿ ಮುಗಿಯುವ ಹೊತ್ತಿಗೆ ಪ್ರೊಫೆಷನಲ್ ಆಟಗಾರ್ತಿಯಾದೆ. ಪ್ರೊಫೆಷನಲ್ ಎಂದ ಕೂಡಲೇ ಜನ ಟೀವಿಯಲ್ಲಿ ಕಾಣುವ ಹಸಿರು ಹುಲ್ಲು, ಬಿಳಿ ಬಟ್ಟೆ, ಚಪ್ಪಾಳೆ ಎಲ್ಲ ನೆನೆಸಿಕೊಳ್ಳುತ್ತಾರೆ. ಅಯ್ಯೋ, ಅದೆಲ್ಲ ಮೇಲಿನ ಮಹಡಿಯವರಿಗೆ. ನಾನಿದ್ದದ್ದು ಕೆಳಗೆ. ಟರ್ಕಿ, ಈಜಿಪ್ಟ್, ಥಾಯ್ಲೆಂಡಿನ ಸಣ್ಣ ಸಣ್ಣ ಟೂರ್ನಿಗಳು, ಒಂದು ರೂಮಿಗೆ ನಾಲ್ಕು ಹುಡುಗಿಯರು, ಕೈ ತೊಳೆಯುವ ಬೇಸಿನ್ನಿನಲ್ಲೇ ಸಾಕ್ಸು ಒಗೆಯುವುದು, ಹೋಟೆಲಿನ ಕೆಟಲಿನಲ್ಲಿ ನೀರು ಕಾಯಿಸಿ ಅವಲಕ್ಕಿಗೆ ಹಾಕಿ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಕಲಸಿಕೊಂಡು ತಿನ್ನುವುದು. ದೊಡ್ಡ ಟೂರ್ನಿಗಳಲ್ಲಿ ಮುಖ್ಯ ಆಟ ಶುರುವಾಗುವ ಮೊದಲು ನಮ್ಮಂಥವರಿಗೆ ಅರ್ಹತಾ ಸುತ್ತು ಅಂತ ಇರುತ್ತದೆ. ನಾನು ಅದರ ಕೊನೆಯ ಮ್ಯಾಚಿನವರೆಗೆ ಹೋಗಿ ಸೋತವಳು. ಬಾಗಿಲ ತನಕ ಹೋದೆ, ಒಳಗೆ ಹೋಗಲಿಲ್ಲ. ಆಮೇಲೆ ಮಂಡಿ ಹೋಯಿತು. ಆಪರೇಷನ್ ಆದ ಮೇಲೆ ಡಾಕ್ಟರು, "ನಡೆಯೋಕೆ ಏನೂ ತೊಂದ್ರೆ ಇಲ್ಲಮ್ಮ" ಎಂದರು. ನಡೆಯುವುದಕ್ಕೆ ಯಾರು ಕೇಳಿದ್ದರು?

ಹೀಗೆ ಕೋಚ್ ಆದೆ. ಶ್ರೀಗಂಧದ ಕಾವಲ್‌ನಲ್ಲಿ ಹಳೆಯ ಊರಿನ ಗೌಡರೊಬ್ಬರು ಲೇಔಟಿಗೆ ಕೊಡದೆ ಉಳಿಸಿಕೊಂಡ ಒಂದು ಜಾಗದಲ್ಲಿ ಎರಡು ಮಣ್ಣಿನ ಕೋರ್ಟ್ ಮಾಡಿಸಿದೆ. ಪಕ್ಕದ ಜಾಗದಲ್ಲಿ ಈಗ ಬಾಕ್ಸ್ ಕ್ರಿಕೆಟ್ ಬಂದಿದೆ. ಹಸಿರು ಪ್ಲಾಸ್ಟಿಕ್ ಹುಲ್ಲು, ಸುತ್ತ ಬಲೆ, ಒಳಗೆ "ಔಟ್ ಕಣೋ ಮಗಾ, ಔಟು!" ಎಂಬ ಕಿರುಚಾಟ. ನನ್ನದು ಹಳೇ ಕಾಲದ ವ್ಯವಹಾರ. ಬೆಳಿಗ್ಗೆ ಪೈಪಿನಲ್ಲಿ ಮಣ್ಣಿಗೆ ನೀರು ಹಾಕಬೇಕು, ಆರುವ ಮುಂಚೆ ರೋಲರ್ ಎಳೆಯಬೇಕು, ಸುಣ್ಣದ ಗೆರೆ ಎಳೆಯಬೇಕು. ಆ ಹುಡುಗಿ ಶಾಲೆಗೆ ಹೋಗುವ ಮುಂಚೆ ಬಂದು ನನ್ನ ಜೊತೆ ಇದೆಲ್ಲ ಮಾಡುತ್ತಿದ್ದಳು. ನಾನು ಮಾಡು ಎಂದು ಹೇಳಿದವಳಲ್ಲ. ಪೈಪ್ ಹಿಡಿಯುವುದು ಅವಳಿಗೆ ಇಷ್ಟ, ಅರ್ಧ ನೀರು ನನ್ನ ಮೇಲೆ.

ಮೊದಮೊದಲು ಟೂರ್ನಿಗೆ ಹೋದರೆ ಅವಳು ಕೋರ್ಟಿನೊಳಗೆ ನಿಂತು ಅಳುತ್ತಿದ್ದಳು. ಟೆನಿಸ್‌ನಲ್ಲಿ ಒಂದು ಕಟ್ಟುನಿಟ್ಟು ಇದೆ. ಇಂಥ ಮಕ್ಕಳ ಮ್ಯಾಚುಗಳಲ್ಲಿ ಆಟ ಶುರುವಾದ ಮೇಲೆ ಕೋಚ್ ಬಾಯಿ ಬಿಡುವ ಹಾಗಿಲ್ಲ, ಸನ್ನೆ ಮಾಡುವ ಹಾಗಿಲ್ಲ. ಗೊತ್ತಾದರೆ ಪಾಯಿಂಟ್ ಹೋಗುತ್ತದೆ. ಎಷ್ಟೋ ಕೋಚುಗಳು ಟೋಪಿ ಮುಟ್ಟಿಕೊಂಡು, ಮೂಗು ಕೆರೆದುಕೊಂಡು ಸನ್ನೆ ಮಾಡುತ್ತಾರೆ. ಎಲ್ಲರಿಗೂ ಗೊತ್ತಿರುವ ವಿಷಯ. ನನಗೆ ಅದು ಆಗದು. ಹಾಗಾಗಿ ಹುಡುಗಿಗೆ ಒಂದೇ ಮಾತು ಹೇಳಿದ್ದೆ: "ಅಂಪೈರ್ ಕುರ್ಚಿ ಇರುತ್ತಲ್ಲ, ಅದರ ಎಡಗಡೆ ಬೇಲಿ ಹತ್ರ ನಾನು ಕೂತಿರ್ತೀನಿ. ಯಾವ ಊರಾದ್ರೂ ಸರಿ, ಯಾವ ಕೋರ್ಟಾದ್ರೂ ಸರಿ. ಭಯ ಆದ್ರೆ ಅಲ್ಲಿ ನೋಡು. ನಾನೇನೂ ಮಾಡಲ್ಲ, ಸುಮ್ನೆ ಇರ್ತೀನಿ." ಇನ್ನೊಂದು ಮಾತನ್ನೂ ಸೇರಿಸುತ್ತಿದ್ದೆ: "ಮುಖದಲ್ಲಿ ಏನೂ ತೋರಿಸ್ಬೇಡ. ಎದುರಿಗಿರೋಳಿಗೆ ನೋವು ಗೊತ್ತಾದ್ರೆ ನೀನು ಅರ್ಧ ಸೋತ ಹಾಗೆ." ನಾನೂ ಹಾಗೇ ಕೂರುತ್ತಿದ್ದೆ, ಕಲ್ಲಿನ ಹಾಗೆ. ಒಂದು ಪಾಯಿಂಟ್ ಹೋದ ಕೂಡಲೇ ಅವಳ ಕಣ್ಣು ನನ್ನ ಕಡೆ ಬಂದು ಹೋಗುತ್ತಿತ್ತು. ಬೇರೆಯವರಿಗೆ ಗೊತ್ತಾಗುತ್ತಿರಲಿಲ್ಲ. ನನಗೆ ಅಷ್ಟು ಸಾಕಿತ್ತು.

ಹದಿನಾರು ದಾಟುವ ಹೊತ್ತಿಗೆ ಅವಳು ರಾಜ್ಯದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರಾದಳು. ಮುಂದಿನ ವರ್ಷದಿಂದ ಹೊರದೇಶದ ಟೂರ್ನಿಗಳು. ಅವಳ ಜೊತೆ ಹೋಗುವವಳು ನಾನು, ಅದರಲ್ಲಿ ಎರಡನೇ ಮಾತೇ ಇರಲಿಲ್ಲ. "ನೀವಿಲ್ದೆ ನಾವು ಎಲ್ಲಿಗೂ ಕಳ್ಸಲ್ಲ ಮೇಡಂ" ಎಂದು ಅವಳ ಅಮ್ಮ ನಮ್ಮ ಮನೆಯ ಸೋಫಾದ ಮೇಲೆ ಕೂತು, ನಮ್ಮ ಮನೆಯ ಕಾಫಿ ಕುಡಿಯುತ್ತಾ ಹೇಳಿದ್ದರು. ನಾನು ಸಂಜೆಯ ಬ್ಯಾಚುಗಳನ್ನು ಕಡಿಮೆ ಮಾಡಿದೆ. ಅವಧಿ ಮುಗಿದುಹೋಗಿದ್ದ ಪಾಸ್‌ಪೋರ್ಟನ್ನು ಹೊಸದು ಮಾಡಿಸಿಕೊಂಡೆ. ಫೋಟೋ ತೆಗೆಸಿಕೊಂಡು ಬಂದ ದಿನ ಅಮ್ಮನಿಗೆ ತೋರಿಸಿದರೆ, "ನಿಂಗ್ಯಾಕೇ ಇಷ್ಟು ನಗು, ಹೋಗ್ತಿರೋದು ಅವ್ಳು" ಎಂದು ಛೇಡಿಸಿದರು. ಹೌದು, ನಗು ಬಂದಿತ್ತು. ನಾನು ಹೊಸಿಲಲ್ಲೇ ನಿಂತು ವಾಪಸ್ ಬಂದ ಆ ಮನೆಯೊಳಗೆ ಅವಳು ಕಾಲಿಡುವುದನ್ನು ನೋಡಬೇಕಿತ್ತು. ಅದೊಂದೇ ಆಸೆ. ಬೇರೆ ಏನೂ ಬೇಡವಾಗಿತ್ತು ನನಗೆ.

ಈಗ ಅವನ ವಿಷಯ. ರಾಜಾಜಿನಗರದ ಹುಡುಗ, ನನಗಿಂತ ಹತ್ತು ವರ್ಷ ಚಿಕ್ಕವನು. ನಾನು ದೊಡ್ಡ ಆಟ ಬಿಟ್ಟ ಮೇಲೂ ಊರಿನ ಕ್ಲಬ್ ಟೂರ್ನಿಗಳಲ್ಲಿ ನಿಂತ ಜಾಗದಿಂದಲೇ ಅವನ ಜೊತೆ ಮಿಕ್ಸೆಡ್ ಡಬಲ್ಸ್ ಆಡುತ್ತಿದ್ದೆ. ಓಡುವ ಕೆಲಸ ಅವನದು. ಡಬಲ್ಸ್‌ನಲ್ಲಿ ನೆಟ್ ಹತ್ತಿರ ನಿಂತವರು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಹಿಂದೆ ಸರ್ವ್ ಮಾಡುವ ಜೊತೆಗಾರನಿಗೆ ಸನ್ನೆ ಮಾಡುವುದು ಪದ್ಧತಿ. ಅದು ಆಟದೊಳಗಿನವರ ಮಾತು, ಅದಕ್ಕೆ ತಕರಾರಿಲ್ಲ. ಮುಷ್ಟಿ ಕಟ್ಟಿದರೆ ಇಲ್ಲೇ ನಿಲ್ಲುತ್ತೇನೆ, ಅಂಗೈ ಬಿಚ್ಚಿದರೆ ಆಚೆಗೆ ದಾಟುತ್ತೇನೆ ಎಂದು ಅರ್ಥ. ನಾನು ಅದಕ್ಕೆ ನನ್ನದೇ ಒಂದು ಸೇರಿಸಿದ್ದೆ. ಕಿರುಬೆರಳು ಒಂದನ್ನೇ ಚಾಚಿದರೆ, ಸರ್ವ್ ಅನ್ನು ನೇರ ಎದುರಾಳಿಯ ಮೈಮೇಲೆ ಹೊಡಿ, ಅವರಿಗೆ ಕೈ ಬೀಸಲು ಜಾಗ ಕೊಡಬೇಡ ಎಂದು. ಅದನ್ನು ಅವನಿಗೆ ಬಿಟ್ಟು ಯಾರಿಗೂ ಹೇಳಿಕೊಟ್ಟಿರಲಿಲ್ಲ. ನಾವಿಬ್ಬರೂ ಅದರ ಮೇಲೆ ಎಷ್ಟು ಪಾಯಿಂಟ್ ಕದ್ದಿದ್ದೇವೋ, ಎಷ್ಟು ನಕ್ಕಿದ್ದೇವೋ!

ಅವನು ನನ್ನನ್ನು ಅಕ್ಕ ಅನ್ನುತ್ತಿದ್ದ. ಬರೀ ಬಾಯಿಮಾತಿನ ಅಕ್ಕ ಅಲ್ಲ, ಅಥವಾ ನಾನು ಹಾಗೆ ನಂಬಿದ್ದೆ. ಅವನ ಆಟ ಮೇಲಕ್ಕೆ ಹೋಗಲಿಲ್ಲ, ಕೆಲಸವೂ ಸಿಗಲಿಲ್ಲ. ವಾರಕ್ಕೆ ನಾಲ್ಕು ದಿನ ನಮ್ಮ ಮನೆಯಲ್ಲೇ ಊಟ. ನನ್ನ ಅಮ್ಮ ಸೊಪ್ಪಿನ ಸಾರು ಮಾಡಿದ ದಿನ ಎರಡನೇ ಮುದ್ದೆ ಅವನ ತಟ್ಟೆಗೆ ಕೇಳದೆಯೇ ಬೀಳುತ್ತಿತ್ತು. ಹುಡುಗಿ ಬೆಳೆದಂತೆ ಅವಳಿಗೆ ಜೋರಾಗಿ ಚೆಂಡು ವಾಪಸ್ ಹೊಡೆಯುವ ಗಂಡಾಳು ಬೇಕಾಯಿತು. ನನ್ನ ಮಂಡಿಗೆ ಆ ಶಕ್ತಿ ಇರಲಿಲ್ಲ. ನಾನೇ ಅವನನ್ನು ಕರೆದೆ. "ಬಾರೋ, ಬೆಳಿಗ್ಗೆ ಇವಳ ಜೊತೆ ಹೊಡಿ, ನೀನೂ ಫಿಟ್ ಆಗಿರ್ತೀಯ" ಎಂದೆ. ಅವನನ್ನು ಅವಳ ಎದುರಿಗೆ ನಿಲ್ಲಿಸಿದವಳು ನಾನೇ.

ಆಮೇಲೆ ಅವನು ಬೆಳಿಗ್ಗೆ ಬರುವುದು ಬಿಟ್ಟು, ಕೆಂಗೇರಿ ಕಡೆ ಯಾರದೋ ಜೊತೆ ಸೇರಿ ಸಿಮೆಂಟಿನ ಹಾರ್ಡ್ ಕೋರ್ಟ್ ಮಾಡಿದ. ನೀಲಿ ಬಣ್ಣ, ಹೊಸ ಲೈಟು, ಕಾಫಿ ಮೆಷಿನ್ನು, ಎಲ್ಲ. "ಆಫೀಸಿನವ್ರು ಬರ್ತಾರಕ್ಕ, ತೂಕ ಇಳಿಸೋಕೆ. ಮಕ್ಕಳನ್ನ ನೀವು ನೋಡ್ಕೊಳಿ, ದೊಡ್ಡವ್ರನ್ನ ನಾನು ನೋಡ್ಕೋತೀನಿ" ಎಂದ. ಪೂಜೆಗೆ ಹೋಗಿದ್ದೆ. ಮೊದಲ ಕಾಯಿ ಒಡೆಯಲು ನನ್ನನ್ನೇ ಕರೆದ. ಒಂದೇ ಏಟಿಗೆ ಎರಡು ಹೋಳಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಈಗ ನೆನೆಸಿಕೊಂಡರೆ ಆ ಕಾಯಿಯನ್ನು ಎಲ್ಲಿ ಒಡೆಯಬೇಕಿತ್ತು ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ.

ಅದಾದ ಕೆಲವು ತಿಂಗಳಿಗೆ ಹುಡುಗಿಯ ಬ್ಯಾಕ್‌ಹ್ಯಾಂಡ್ ಬದಲಾಯಿತು. ಕಾಲು ಅಡ್ಡ ಇಟ್ಟು, ಭುಜ ತಿರುಗಿಸಿ ಹೊಡೆಯಬೇಕೆಂದು ನಾನು ಕಲಿಸಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಅವಳು ಕಾಲು ಅಗಲಿಸಿ, ನೆಟ್ ಕಡೆಗೆ ಮುಖ ಮಾಡಿ ನಿಂತು, ಸೊಂಟದಿಂದ ತಿರುಗಿ ಹೊಡೆಯುತ್ತಿದ್ದಾಳೆ. ಏಟು ಏನು ಜೋರು ಅಂತೀರಿ! "ಎಲ್ಲಿ ಕಲ್ತೆ ಇದನ್ನ?" ಎಂದೆ. "ವಿಡಿಯೋ ನೋಡಿ ಮ್ಯಾಮ್, ಸುಮ್ನೆ ಟ್ರೈ ಮಾಡ್ದೆ" ಎಂದಳು. ನನಗೆ ಎದೆ ತುಂಬಿ ಬಂತು. ಹೇಳಿಕೊಟ್ಟದ್ದನ್ನು ದಾಟಿ ತಾನಾಗೇ ಹುಡುಕಿಕೊಂಡಳಲ್ಲ ಎಂದು. ನಾನೂ ಕೂತು ವಿಡಿಯೋಗಳನ್ನು ನೋಡಿದೆ. ಆ ಏಟಿಗೆ ತಕ್ಕ ಹಾಗೆ ಅವಳ ಕಾಲಿನ ಕಸರತ್ತು ಬದಲಿಸಿದೆ, ಸೊಂಟಕ್ಕೆ ಬಲ ಬರಲೆಂದು ಭಾರದ ಚೆಂಡು ಎಸೆಸಿದೆ. ಅದನ್ನು ತಿದ್ದಿ, ತೀಡಿ, ಹೊಳೆಯುವಂತೆ ಮಾಡಿದೆ. ಅವನಿಗೆ ಫೋನ್ ಮಾಡಿ ಕೊಚ್ಚಿಕೊಂಡೆ ಕೂಡ. "ನೋಡೋ ಬಂದು, ಹುಡುಗಿ ತಾನೇ ಕಲ್ತಿದಾಳೆ, ಯಾರೂ ಹೇಳ್ಕೊಟ್ಟಿಲ್ಲ."

"ಹೌದಾ ಅಕ್ಕ? ಬ್ರಿಲಿಯಂಟ್ ಬಿಡಿ ಅವ್ಳು" ಎಂದ ಅವನು.

ಹೇಗೆ ಅಂದನೋ ಆ ಮಾತನ್ನು! ದನಿಯಲ್ಲಿ ಒಂದಿಷ್ಟೂ ಅಳುಕಿಲ್ಲ. ಗುರುವಾರ, ಶನಿವಾರ ಸಂಜೆ ಕೆಮಿಸ್ಟ್ರಿ ಟ್ಯೂಷನ್ ಎಂದು ಹುಡುಗಿ ಬರುತ್ತಿರಲಿಲ್ಲ. ಪರೀಕ್ಷೆ ಹತ್ತಿರ ಬಂತಲ್ಲ, ಹೋಗಲಿ ಎಂದೆ. ಮೂರು ಜನ ಸೇರಿ ನನ್ನ ಕಿವಿಗೆ ಹೂ ಇಟ್ಟರು, ನಾನು ತಲೆ ಬಗ್ಗಿಸಿ ಇಡಿಸಿಕೊಂಡೆ.

ಆ ವರ್ಷದ ಕೊನೆಗೆ ರಾಜ್ಯಮಟ್ಟದ ಹದಿನೆಂಟರೊಳಗಿನವರ ಟೂರ್ನಿ. ಅವಳು ಫೈನಲ್‌ಗೆ ಬಂದಳು. ಎದುರಿಗಿದ್ದವಳು ಅವಳಿಗಿಂತ ಎತ್ತರದ, ಉದ್ದ ಕೈಯ ಹುಡುಗಿ. ನಾನು ಯಾವತ್ತಿನಂತೆ ಅಂಪೈರ್ ಕುರ್ಚಿಯ ಎಡಗಡೆ, ಬೇಲಿಯ ಪಕ್ಕದ ಸಿಮೆಂಟ್ ಬೆಂಚಿನ ಮೇಲೆ ಕೂತಿದ್ದೆ. ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು, ಆದರೂ ಜಾಗ ಬದಲಿಸಲಿಲ್ಲ. ಅವಳ ಅಮ್ಮ ನನ್ನ ಹಿಂದಿನ ಸಾಲಿನಲ್ಲಿ ಕೂತು ಮಂತ್ರ ಹೇಳಿಕೊಳ್ಳುತ್ತಿದ್ದರು.

ಮೊದಲ ಸೆಟ್ ಹೋಯಿತು. ಎರಡನೆಯದರಲ್ಲಿ ಒಂದು ಸುಲಭದ ಚೆಂಡನ್ನು ನೆಟ್ಟಿಗೆ ಹೊಡೆದಳು. ಈಗ ನೋಡುತ್ತಾಳೆ ಎಂದು ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ಅವಳು ನೋಡಿದಳು. ಆದರೆ ನನ್ನ ಕಡೆ ಅಲ್ಲ.

ಕಣ್ಣಿಗೆ ಬಿಸಿಲು ಬಿದ್ದಿರಬೇಕು ಎಂದುಕೊಂಡೆ. ಇನ್ನೊಂದು ಪಾಯಿಂಟ್ ಹೋಯಿತು. ಮತ್ತೆ ಅವಳ ಕಣ್ಣು ಬಲಗಡೆಗೆ, ಕುಡಿಯುವ ನೀರಿನ ಕ್ಯಾನ್ ಇಟ್ಟಿದ್ದ ಕಡೆಗೆ ಹೋಯಿತು. ನಾನು ತಿರುಗಿ ನೋಡಿದೆ. ಬೇಲಿಯ ಆಚೆ ಅವನು ನಿಂತಿದ್ದ. ಕೋರ್ಟಿಗೆ ಬೆನ್ನು ಹಾಕಿ, ಕಿವಿಗೆ ಫೋನ್ ಇಟ್ಟುಕೊಂಡು, ಯಾರ ಜೊತೆಗೋ ಮಾತಾಡುತ್ತಿರುವ ಹಾಗೆ. ಬರುತ್ತೇನೆ ಎಂದು ನನಗೆ ಹೇಳಿರಲಿಲ್ಲ. ಬಂದವನು ನನ್ನ ಹತ್ತಿರ ಬಂದು ಕೂತಿರಲೂ ಇಲ್ಲ. ಅವನ ಎಡಗೈ ಬೆನ್ನ ಹಿಂದೆ ಇತ್ತು. ಮೊದಲು ಮುಷ್ಟಿ. ಆಮೇಲೆ ನಿಧಾನವಾಗಿ ಕಿರುಬೆರಳು ಒಂದೇ ಹೊರಗೆ ಬಂತು.

ಹುಡುಗಿ ಸರ್ವ್ ಅನ್ನು ನೇರ ಎದುರಾಳಿಯ ಮೈಮೇಲೆ ಹೊಡೆದಳು. ಆ ಉದ್ದ ಕೈಯ ಹುಡುಗಿಗೆ ರ‍್ಯಾಕೆಟ್ ಬೀಸಲು ಜಾಗವೇ ಸಿಗಲಿಲ್ಲ. ಪಾಯಿಂಟ್. ಜನ ಚಪ್ಪಾಳೆ ತಟ್ಟಿದರು.

ಬೆರಳು ನನ್ನದು, ಹುಡುಗಿ ನನ್ನವಳು, ಹುಡುಗ ನನ್ನ ಮನೆಯ ಅನ್ನ ತಿಂದವನು. ನಾನೊಬ್ಬಳೇ ಅಲ್ಲಿ ಹೊರಗಿನವಳು. ಒಂದು ಸಲ ನೋಡಿ ಅರ್ಥ ಮಾಡಿಕೊಳ್ಳುವ ಸನ್ನೆ ಅಲ್ಲ ಅದು. ಎಷ್ಟು ಸಂಜೆ ಕೂತು ಅಭ್ಯಾಸ ಮಾಡಿದ್ದಾರೋ! ಆ ಬ್ಯಾಕ್‌ಹ್ಯಾಂಡ್, ಆ ಟ್ಯೂಷನ್, ಆ ವಿಡಿಯೋ, ಎಲ್ಲ ಒಂದರ ಹಿಂದೆ ಒಂದು ಬಂದು ಎದುರಿಗೆ ನಿಂತವು. ಟೂರ್ನಿಯ ರೆಫರಿ ನನ್ನಿಂದ ನಾಲ್ಕು ಹೆಜ್ಜೆ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. "ಸಾರ್, ಅಲ್ಲಿ ನೋಡಿ" ಎಂದರೆ ಸಾಕಿತ್ತು. ಎದ್ದೂ ನಿಂತೆ. ಆದರೆ ಅವಳನ್ನು ನನ್ನ ಬಾಯಿಂದಲೇ ಸೋಲಿಸಲು ನನಗೆ ಆಗಲಿಲ್ಲ, ಮತ್ತೆ ಕೂತೆ. ಅವಳು ಗೆದ್ದಳು.

ಹೊರಗೆ ಬಂದವಳು ಮೊದಲು ನೀರಿನ ಕ್ಯಾನ್ ಕಡೆ ನೋಡಿ ನಕ್ಕಳು. ಆಮೇಲೆ ನನ್ನ ಹತ್ತಿರ ಬಂದು ಕಾಲು ಮುಟ್ಟಿದಳು. ಸುತ್ತಲಿದ್ದವರು ನನ್ನ ಕೈ ಕುಲುಕುತ್ತಿದ್ದರು. "ಕಂಗ್ರಾಟ್ಸ್ ಮೇಡಂ, ಎಂಥ ಶಿಷ್ಯೆ!" ನಾನು ಎಲ್ಲರಿಗೂ ಥ್ಯಾಂಕ್ಸ್ ಎಂದೆ. ಮುಖದಲ್ಲಿ ಏನೂ ತೋರಿಸಲಿಲ್ಲ.

ಅವನನ್ನು ಪಾರ್ಕಿಂಗ್ ಹತ್ತಿರ ಹಿಡಿದೆ. ಬೈಕಿನ ಮೇಲೆ ಹೆಲ್ಮೆಟ್ ಹಾಕಿಕೊಂಡು ಕೂತಿದ್ದ.

"ಎಷ್ಟು ದಿನದಿಂದ ಕಣೋ?" ಎಂದೆ.

"ಏನಕ್ಕ?"

"ಹೆಲ್ಮೆಟ್ ತೆಗಿ ಮೊದ್ಲು. ಮುಖ ನೋಡ್ಬೇಕು ನಾನು."

ತೆಗೆದ. ಕಣ್ಣು ಮಾತ್ರ ಬೈಕಿನ ಟ್ಯಾಂಕಿನ ಮೇಲೆ. "ಅಕ್ಕ, ತಪ್ಪು ತಿಳ್ಕೋಬೇಡಿ. ಹೇಳೋಣ ಅಂತಾನೇ ಇದ್ವಿ. ಫೈನಲ್ ಒಂದು ಮುಗೀಲಿ, ಈಗ ಬೇಡ ಅಂತ ಆಂಟಿ ಅಂದ್ರು. ಅದಕ್ಕೇ ಸುಮ್ನಿದ್ವಿ."

ಇದ್ವಿ, ಸುಮ್ನಿದ್ವಿ. ಅವರೆಲ್ಲ ಒಂದು ಕಡೆ. ಮಂತ್ರ ಹೇಳುತ್ತಿದ್ದ ಆಂಟಿಯೂ ಸೇರಿ.

"ಎಷ್ಟು ದಿನದಿಂದ ಅಂತ ಕೇಳ್ದೆ."

"ಒಂದು ವರ್ಷ ಆಯ್ತು ಅಕ್ಕ, ಹೆಚ್ಚುಕಮ್ಮಿ. ನಿಮ್ಮ ಫೌಂಡೇಶನ್ ಸೂಪರ್, ಅದ್ರಲ್ಲಿ ಮಾತಿಲ್ಲ. ಆದ್ರೆ ಮಣ್ಣಲ್ಲಿ ಆಡಿ ಆಡಿ ಅವ್ಳು ಸ್ಲೋ ಆಗ್ತಿದ್ಲು. ಈಗೆಲ್ಲ ಹಾರ್ಡ್ ಕೋರ್ಟ್ ಅಕ್ಕ. ನೀವು ಸ್ವಲ್ಪ ಓಲ್ಡ್ ಸ್ಕೂಲ್."

"ಥೂ ನಿನ್ನ! ಓಲ್ಡ್ ಸ್ಕೂಲ್ ಬೆರಳು ಯಾಕೋ ತೋರಿಸ್ದೆ ಹಾಗಾದ್ರೆ? ಅದನ್ನಾದ್ರೂ ಸ್ವಂತದ್ದು ಕಂಡ್ಕೋಬಾರದಿತ್ತಾ?"

ಹೊಡೆಯಬೇಕು ಅನ್ನಿಸಿತು, ನಿಜವಾಗಿಯೂ. ಕೈ ಎತ್ತಿದೆ, ಪಕ್ಕದಲ್ಲಿ ಯಾರೋ ಮಕ್ಕಳನ್ನು ಕಾರಿಗೆ ಹತ್ತಿಸುತ್ತಿದ್ದರು, ಇಳಿಸಿದೆ. ಅವನು ಹೆಲ್ಮೆಟ್ ಹಾಕಿಕೊಂಡು ಹೊರಟುಹೋದ. ನಾನು ಮೆಟ್ರೋದಲ್ಲಿ ನಿಂತುಕೊಂಡೇ ಮನೆಗೆ ಬಂದೆ. ಸೀಟು ಖಾಲಿ ಇತ್ತು, ಕೂರಬೇಕು ಅನ್ನುವುದೇ ತೋಚಲಿಲ್ಲ.

ಆ ವಾರ ಹುಡುಗಿ ಬೆಳಿಗ್ಗೆ ಬರಲಿಲ್ಲ. ಶುಕ್ರವಾರ ಸಂಜೆ ಅವಳ ಅಮ್ಮ ಬಂದರು, ಒಬ್ಬರೇ. ಕೈಯಲ್ಲಿ ಸ್ಟೀಲ್ ತಟ್ಟೆ. ಅದರಲ್ಲಿ ಸೀರೆ, ರವಿಕೆ ಬಟ್ಟೆ, ಬಾಳೆಹಣ್ಣು, ಎಲೆ ಅಡಿಕೆ, ತೆಂಗಿನಕಾಯಿ. ಗುರುಕಾಣಿಕೆಯಂತೆ. ಕೆಲವರು ಜಗಳ ಆಡಿ ಹೋಗುತ್ತಾರೆ, ಅದು ವಾಸಿ. ಇದು ಹೇಗೆಂದರೆ ನಾವು ಬಾಯಿ ಬಿಡಲೂ ಆಗದಂತೆ ಅರಿಶಿನ ಕುಂಕುಮ ಹಚ್ಚಿ ಬಾಗಿಲು ಮುಚ್ಚುವುದು.

"ನೀವು ಅವಳಿಗೆ ಎರಡನೇ ತಾಯಿ ಇದ್ದ ಹಾಗೆ ಮೇಡಂ" ಎಂದರು.

"ಮೊದಲನೇ ತಾಯಿಗೆ ಎಲ್ಲ ಗೊತ್ತಿತ್ತಲ್ಲ. ಎರಡನೆಯವಳಿಗೆ ಮಾತ್ರ ಯಾಕೆ ಹೇಳ್ಲಿಲ್ಲ?"

ಅವರ ಕಣ್ಣಲ್ಲಿ ನೀರು ಬಂತು. ಸುಳ್ಳು ನೀರು ಅಂತ ನಾನು ಹೇಳುವುದಿಲ್ಲ. "ಹೊರದೇಶಕ್ಕೆ ಅವರೇ ಕರ್ಕೊಂಡು ಹೋಗ್ತೀನಿ ಅಂದ್ರು ಮೇಡಂ. ನಿಮ್ಮ ಮಂಡಿ ಬೇರೆ... ನಿಮಗೆ ಯಾಕೆ ತೊಂದ್ರೆ ಅಂತ."

ನನ್ನ ಮಂಡಿಯ ಮೇಲೆ ಇವರಿಗೆ ಎಲ್ಲಿಲ್ಲದ ಕನಿಕರ. ಮೇಜಿನ ಡ್ರಾಯರಿನಲ್ಲಿ ಒಂದೂ ಮುದ್ರೆ ಬೀಳದ ಪಾಸ್‌ಪೋರ್ಟ್ ಇತ್ತು. ಅದರ ಮಾತು ಎತ್ತಲಿಲ್ಲ. ನನ್ನ ಅಮ್ಮ ಒಳಗಿನಿಂದ ಕುಂಕುಮದ ಬಟ್ಟಲು ತಂದು ಅವರಿಗೆ ಕೊಟ್ಟರು, ಕಾಫಿಯನ್ನೂ ಕೊಟ್ಟರು. ಅವರು ಹೋದ ಮೇಲೆ ಅಮ್ಮ ಸೀರೆಯ ಮಡಿಕೆ ಬಿಡಿಸಿ ನೋಡಿ, "ಒಳ್ಳೇ ಸೀರೆ ಕಣೇ, ಎಂಥ ಜನ!" ಎಂದರು. ಹೊಗಳಿದರೋ ಬೈದರೋ ನನಗೆ ಗೊತ್ತಾಗಲಿಲ್ಲ. ನಾನು ಇವತ್ತಿನವರೆಗೂ ಅದನ್ನು ಉಟ್ಟಿಲ್ಲ.

ನಾಲ್ಕೈದು ತಿಂಗಳು ಕಳೆದವು. ಅವಳು ಎರಡು ಸಲ ಹೊರದೇಶಕ್ಕೆ ಹೋಗಿ ಬಂದಳೆಂದು ಗೊತ್ತಾಯಿತು. ಏನೂ ಗೆಲ್ಲಲಿಲ್ಲವೆಂದೂ ಗೊತ್ತಾಯಿತು. ಫೋನ್ ಕೆಳಗೆ ಇಡುತ್ತೇನೆ, ಮತ್ತೆ ತೆಗೆದು ಅವಳ ಸ್ಕೋರ್ ನೋಡುತ್ತೇನೆ. ಹಾಳಾದ ಚಟ.

ಒಂದು ಭಾನುವಾರ ಬೆಳಿಗ್ಗೆ ನಾನು ಕೋರ್ಟಿಗೆ ನೀರು ಹಾಕುತ್ತಿದ್ದೆ. ಗೇಟು ಸದ್ದಾಯಿತು. ತಿರುಗಿದರೆ ಅವಳು, ಭುಜದ ಮೇಲೆ ಕಿಟ್ ಬ್ಯಾಗ್. ಸಣ್ಣಗಾಗಿದ್ದಳು. ಬೈಯಬೇಕೆಂದು ಅಷ್ಟು ದಿನದಿಂದ ಕೂಡಿಟ್ಟಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ತಿಂಡಿ ತಿಂದ್ಯಾ?" ಎಂದುಬಿಟ್ಟೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

"ಸರ್ವ್ ಹೋಗ್ಬಿಟ್ಟಿದೆ ಮ್ಯಾಮ್" ಎಂದಳು. "ಬರೀ ಡಬಲ್ ಫಾಲ್ಟ್, ಎರಡೆರಡು ಸಲ ಹೊಡೆದ್ರೂ ಹೊರಗೇ ಬೀಳುತ್ತೆ. ಅಣ್ಣ ಟಾಸ್ ಸರಿಯಿಲ್ಲ, ಚೆಂಡು ಮೇಲೆ ಎಸೆಯೋದ್ರಲ್ಲೇ ತಪ್ಪು ಅಂತಾರೆ. ಟಾಸ್ ಅಲ್ಲ ಮ್ಯಾಮ್, ಬೇರೆ ಏನೋ ಇದೆ. ನೀವಾದ್ರೆ ಕಂಡುಹಿಡೀತೀರ."

ನೋಡಿ, ಅಷ್ಟು ಸಾಕಾಯಿತು ನನಗೆ. ಪೈಪ್ ಬಿಸಾಕಿ ಚೆಂಡಿನ ಬುಟ್ಟಿ ತಂದು ಅವಳ ಕಾಲ ಬಳಿ ಇಟ್ಟೆ. ಅವಳು ಹೊಡೆದಳು, ನಾನು ಪಕ್ಕಕ್ಕೆ ನಿಂತು ನೋಡಿದೆ. ಮೂರನೇ ಚೆಂಡಿಗೇ ಗೊತ್ತಾಯಿತು. ಟಾಸ್ ಅಲ್ಲವೇ ಅಲ್ಲ. ಹಿಂದಿನ ಕಾಲನ್ನು ಆತುರದಲ್ಲಿ ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಚೆಂಡು ಮೇಲೆ ಹೋಗಿ ಇಳಿಯುವಷ್ಟರಲ್ಲಿ ಮೈಯ ಭಾರವೆಲ್ಲ ಆಗಲೇ ಮುಂದೆ ಹೋಗಿಬಿಟ್ಟಿರುತ್ತಿತ್ತು. ಕಾಲನ್ನು ಒಂದು ಗಳಿಗೆ ತಡೆದರೆ ಸರಿಹೋಗುತ್ತದೆ. ಒಂದು ಮಾತಿನ ಕೆಲಸ. ಏಳನೇ ವಯಸ್ಸಿನಿಂದ ನೋಡಿದ ಮೈ ಅದು, ನನಗಲ್ಲದೆ ಯಾರಿಗೆ ಗೊತ್ತಾಗಬೇಕು! ಎಷ್ಟು ಖುಷಿಯಾಯಿತೆಂದರೆ, ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಅವಳು, "ಮ್ಯಾಮ್, ನಾನು ಇಲ್ಲಿಗೆ ಬಂದಿದ್ದು ಅಣ್ಣಂಗೆ ಗೊತ್ತಾಗೋದು ಬೇಡ" ಎಂದಳು.

"ಯಾಕೆ?"

"ಅವರಿಗೆ ಬೇಜಾರಾಗುತ್ತೆ ಮ್ಯಾಮ್. ತುಂಬಾ ಫೀಲ್ ಮಾಡ್ಕೋತಾರೆ. ಪಾಪ."

ಪಾಪ ಎಂದಳು. ನಾನು ಅವಳ ಮುಖವನ್ನೇ ನೋಡಿದೆ.

"ಒಂದು ವರ್ಷ ಅವನ ಹತ್ರ ಕದ್ದು ಹೋಗ್ತಿದ್ಯಲ್ಲ. ಆಗ ನಂಗೆ ಬೇಜಾರಾಗುತ್ತೆ ಅನ್ನಿಸ್ಲಿಲ್ವಾ?"

ಅವಳು ತಬ್ಬಿಬ್ಬಾದಳು. ನಾಟಕವಲ್ಲ, ನಾಟಕವಾಗಿದ್ದರೆ ನನಗೆ ಗೊತ್ತಾಗುತ್ತಿತ್ತು. ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಒಳ್ಳೆಯ ಮಾತು ಹೇಳುವವಳ ಹಾಗೆ ಹೇಳಿದಳು: "ನಿಮಗಾ? ನೀವು ಸ್ಟ್ರಾಂಗ್ ಅಲ್ವಾ ಮ್ಯಾಮ್. ನೀವು ಹಾಗೆಲ್ಲ ಫೀಲ್ ಮಾಡ್ಕೊಳ್ಳಲ್ಲ."

ಪಕ್ಕದ ಬಾಕ್ಸ್ ಕ್ರಿಕೆಟ್ಟಿನಲ್ಲಿ ಯಾರೋ ಸಿಕ್ಸ್ ಹೊಡೆದು ಕಿರುಚಿದರು. ನನಗೆ ಕೂಗಾಡಬೇಕು ಅನ್ನಿಸಿತು, ಆಗಲಿಲ್ಲ. ಹತ್ತು ವರ್ಷ ಬೇಲಿಯ ಪಕ್ಕ ಕಲ್ಲಿನ ಹಾಗೆ ಕೂತಿದ್ದೆ. ಅದು ಕಲ್ಲೇ ಎಂದು ಅವಳು ತಿಳಿದುಕೊಂಡಿದ್ದಳು.

"ಮನೆಗೆ ಹೋಗು" ಎಂದೆ.

"ಮ್ಯಾಮ್, ಸರ್ವ್..."

"ಅವನನ್ನ ಕರ್ಕೊಂಡು ಬಾ. ಅವನ ಎದುರಿಗೇ ಹೇಳ್ತೀನಿ. ಕದ್ದು ಹೇಳ್ಕೊಡಲ್ಲ."

"ಅವ್ರು ಬರಲ್ಲ ಮ್ಯಾಮ್."

"ಹಾಗಾದ್ರೆ ಹೋಗು."

ಅವಳು ಹೊಡೆದ ಚೆಂಡುಗಳನ್ನೆಲ್ಲ ಆರಿಸಿ ಬುಟ್ಟಿಗೆ ಹಾಕಿದಳು. ಬರ್ತೀನಿ ಮ್ಯಾಮ್ ಎಂದಳು. ಬಸ್ ಸ್ಟಾಪಿನ ಕಡೆ ನಡೆದುಹೋದಳು. ನಾನು ಕೂಗಿ ಕರೆಯಲಿಲ್ಲ.

ಮುಂದಿನ ವಾರ ಅವಳಿಗೆ ಹೊರದೇಶದಲ್ಲಿ ಒಂದು ಟೂರ್ನಿಯ ಅರ್ಹತಾ ಸುತ್ತು ಇತ್ತು. ಆ ಹೊತ್ತಿಗೆ ನಾನು ವಿಜಯನಗರದ ಮಾರ್ಕೆಟ್ಟಿನಲ್ಲಿ ಹುರುಳಿಕಾಯಿ ಆರಿಸುತ್ತಿದ್ದೆ. ಒಂದು ಕೈಯಲ್ಲಿ ಫೋನು. ಪರದೆಯ ಮೇಲೆ ಬರೀ ಅಂಕಿಗಳು ಬರುತ್ತವೆ, ಆಟ ಕಾಣುವುದಿಲ್ಲ. ಡಬಲ್ ಫಾಲ್ಟ್. ಮತ್ತೊಂದು. ಅವಳ ಸರ್ವ್ ಗೇಮ್ ಹೋಯಿತು. ಖುಷಿಯಾಯಿತು ನನಗೆ. ಸುಳ್ಳು ಯಾಕೆ ಹೇಳಲಿ, ಮೈಯೆಲ್ಲ ತಣ್ಣಗಾಗುವಷ್ಟು ಖುಷಿಯಾಯಿತು. ಅನುಭವಿಸಲಿ, ಇಬ್ಬರೂ ಅನುಭವಿಸಲಿ ಎಂದುಕೊಂಡೆ. ಎರಡನೇ ಸೆಟ್ಟಿನಲ್ಲಿ ಮತ್ತೆ ಡಬಲ್ ಫಾಲ್ಟ್, ಅದರ ಹಿಂದೆಯೇ ಇನ್ನೊಂದು. ಅವಳು ಗೆರೆಯ ಹಿಂದೆ ನಿಂತು ಚೆಂಡು ಪುಟಿಸುತ್ತಿರುವುದು, ಎಸೆಯುವ ಮುಂಚೆಯೇ ಆ ಕಾಲು ಎಳೆದುಕೊಳ್ಳುವುದು, ನಾನು ಅಲ್ಲೇ ಕೂತಿದ್ದ ಹಾಗೆ ಕಣ್ಣಿಗೆ ಕಟ್ಟಿತು.

"ಕಾಲು ಕಣೇ!" ಎಂದೆ ಫೋನಿಗೆ. "ಟಾಸ್ ಅಲ್ಲ, ಕಾಲು! ಹಿಂದಿನ ಕಾಲು ತಡಿ!"

ತರಕಾರಿ ತೂಗುತ್ತಿದ್ದ ಹೆಂಗಸು ತಲೆಯೆತ್ತಿ, "ಯಾಕಕ್ಕ, ಏನಾಯ್ತು?" ಎಂದಳು. ನಾನು ಹುರುಳಿಕಾಯಿಯ ರಾಶಿಯ ಮುಂದೆ, ಅಷ್ಟು ಜನರ ನಡುವೆ ಗೊಳೋ ಎಂದು ಅಳುತ್ತಾ ನಿಂತಿದ್ದೆ. ಫೋನಿನಲ್ಲಿ ಮ್ಯಾಚ್ ಮುಗಿದುಹೋಗಿತ್ತು.